ಹಿಂದಕ್ಕೆ ಸರಿದ ಹರಿಗೋಲು

ಹೋದ ತಿಂಗಳು ಚಿತ್ರದುರ್ಗದ ಪೇಟೆಯಲ್ಲಿ ಚಪ್ಪಲಿ ಹೊಲಿಯುವವನೊಬ್ಬ ತೊಗಲು ನೆನೆಹಾಕಿದ್ದ. ಆ ವಾಸನೆ ಮೂಗಿಗೆ ಬಡಿದು ಕಾಲು ಅಲ್ಲೇ ನಿಂತಿತು. ಹಿರಿಯೂರಿನ ಹೊಳೆ, ತೊಗಲು ಹೊದಿಸಿದ ಹರಿಗೋಲು, ಅದರಲ್ಲಿ ನನ್ನ ಎದುರಿಗೆ ಕುಳಿತಿದ್ದ ಮೇಷ್ಟ್ರು...

ಶಾಲೆಯಲ್ಲಿ ಅವರು ವಿಜ್ಞಾನ ಹೇಳುತ್ತಿದ್ದರು. ನಾನು ಕನ್ನಡ ಓದಿಸಲು ಹೊಸದಾಗಿ ಸೇರಿದ್ದೆ. ಒಂದು ದಿನ ಅವರು ದುಂಡನೆಯ ಬಿದಿರ ತುಂಡುಗಳ ಮೇಲೆ ಹಲಗೆಯಿಟ್ಟು, ಅದರ ಮೇಲೆ ನಿಂತು ಮುಂದಕ್ಕೆ ನೆಗೆದರು. ಹಲಗೆ ಹಿಂದಕ್ಕೆ ಓಡಿ ಗೋಡೆಗೆ ಬಡಿಯಿತು. ಮಕ್ಕಳ ಜೊತೆ ಬಾಗಿಲಲ್ಲಿದ್ದ ನಾನೂ ನಕ್ಕೆ.

"ನಗ್ರಿ, ನಗ್ರಿ. ಮೊದ್ಲು ಇಬ್ರೂ ಸುಮ್ಮನಿದ್ವಿ, ಓಟ ಸೊನ್ನೆ. ತೂಕ, ವೇಗ ಎರಡೂ ಹಿಡಿದು ನೋಡಿದ್ರೆ, ನಾನು ಇತ್ತ ಎಷ್ಟು ಬಂದೆನೋ ಹಲಗೆ ಅತ್ತ ಅಷ್ಟೇ ಹೋಯ್ತು. ಕೂಡಿದ್ರೆ ಮತ್ತೆ ಸೊನ್ನೆ."

ಆ ಮಳೆಗಾಲದಲ್ಲಿ ಹೊಳೆಯಾಚೆಯ ಹಳ್ಳಿಗೆ ಒಂದು ನಾಮಕರಣಕ್ಕೆಂದು ಇಬ್ಬರೂ ಹೊರಟೆವು. ನಾನು ಹೊಸ ಪಂಚೆ ಉಟ್ಟಿದ್ದೆ.

"ಏನ್ ಸಣ್ ಮೇಷ್ಟ್ರೇ, ಪಂಚೆ ನೋಡಿದ್ರೆ ನಿಮ್ದೇ ಮದುವಿ ಇದ್ದಂಗೈತೆ. ಕೆಸರಾಗ ಹೊತ್ಕಂಡು ಇಳಿಸ್ಲೇನು?" ಎಂದು ಅಂಬಿಗ ಕಿಚಾಯಿಸಿದ.

ನನಗೆ ನಾಚಿಕೆಯಾಯಿತು. ಆಚೆ ದಡ ಒಂದು ಮಾರು ದೂರವಿದ್ದಾಗ ಅಂಬಿಗ ಮೊಣಕಾಲುದ್ದದ ನೀರಿಗಿಳಿದು, ನಮಗೆ ಬೆನ್ನು ಮಾಡಿ ಹಗ್ಗ ಬಿಡಿಸತೊಡಗಿದ. ನಾನು ಎದ್ದು ಹರಿಗೋಲಿನ ಅಂಚಿಗೆ ಕಾಲಿಟ್ಟೆ.

"ಹಾರಬ್ಯಾಡಪ್ಪ, ಹಲಗೆ ನೆನಪೈತಲ್ಲ?" ಎನ್ನುತ್ತಾ ಮೇಷ್ಟ್ರು ನನ್ನ ತೋಳು ಹಿಡಿಯಲು ಎದ್ದರು. ಹೊಳೆಯ ಸದ್ದಿನಲ್ಲಿ ಆ ಮಾತು ನನಗೊಬ್ಬನಿಗೇ ಕೇಳಿಸಿತು. ಕೇಳಿಸಿಯೂ ಹಾರಿದೆ. ಹರಿಗೋಲು ಅವರ ಕಾಲಡಿಯಿಂದ ಹಿಂದಕ್ಕೆ ಸರಿಯಿತು. ಅವರು ಮುಗ್ಗರಿಸಿ, ದಡದಿಂದ ನೀರಿಗೆ ಚಾಚಿದ್ದ ಬಂಡೆಗೆ ಹಣೆ ಬಡಿಸಿಕೊಂಡು ಬಿದ್ದರು. ನನ್ನ ಪಂಚೆಗೆ ಒಂದು ಹನಿ ಕೆಸರೂ ತಾಗಿರಲಿಲ್ಲ.

ಮೂರನೆಯ ದಿನ ಅವರು ತೀರಿಕೊಂಡರು. "ಹರಿಗೋಲಾಗ ಎದ್ದು ನಿಂತ್ಬಿಟ್ರು," ಎಂದು ಅಂಬಿಗ ತನಗೆ ತೋಚಿದ್ದನ್ನು ಎಲ್ಲರಿಗೂ ಹೇಳಿದ. ನಾನು ಅಲ್ಲವೆನ್ನಲಿಲ್ಲ.

ಅವರ ಹೆಂಡತಿ ಹೊಸದುರ್ಗದ ತವರಿಗೆ ಹೋದರು. ವರ್ಷಕ್ಕೊಮ್ಮೆ ಹೋಗಿ ನೋಡುತ್ತಿದ್ದೆ. ಮಜ್ಜಿಗೆ ಕೊಟ್ಟು ಪ್ರತಿ ಸಲವೂ ಅದನ್ನೇ ಅನ್ನುತ್ತಿದ್ದರು: "ಊರಿಗೆಲ್ಲ ಪಾಠ ಹೇಳೋರು... ನೀರಿನ ಮ್ಯಾಲೆ ಎದ್ದು ನಿಲ್ಲಬಾರ್ದು ಅನ್ನಾದು ತಿಳೀಲಿಲ್ವಲ್ಲಪ್ಪ." ನಾನು ಲೋಟ ಕೆಳಗಿಟ್ಟು ಏಳುತ್ತಿದ್ದೆ.

ಈ ಸಲ ಹೇಳಿಯೇಬಿಡಬೇಕೆಂದು ಹೋದ ವಾರ ಹೊಸದುರ್ಗಕ್ಕೆ ಹೋದೆ. ಆಕೆ ತೀರಿಕೊಂಡು ಇಪ್ಪತ್ತು ದಿನವಾಗಿತ್ತು.

"ಕೊನೀತನಕ ಭಾವನ್ನ ಬೈಯ್ಯಾದು ಬಿಡ್ಲಿಲ್ಲ ನೋಡ್ರಿ, ಓದಿದ ದಡ್ಡ ಅಂತ," ಎಂದು ಆಕೆಯ ತಮ್ಮ ಕಣ್ಣೊರೆಸಿಕೊಂಡು ನಕ್ಕ.

ನಾನು ಹೌದೆಂಬಂತೆ ತಲೆಯಾಡಿಸಿ ಬಂದೆ.

ಮೇಷ್ಟ್ರಿಗೆ ತಿಳಿದಿತ್ತು. ನನ್ನನ್ನು ತಡೆಯುವುದಕ್ಕೇ ಅವರು ಎದ್ದರು. ಅದನ್ನು ಕೇಳಬೇಕಾಗಿದ್ದವರು ಇನ್ನಿಲ್ಲ.