ಸೊಸಿಯ ವೀಸಾಕ್ಕ ಗಂಡನ ಹೆಸರು

ಆಗ ನನಗ ಐವತ್ತೆರಡು. ಈಗ ಅದಕ್ಕ ಇಪ್ಪತ್ತು ವರ್ಷದ ಮ್ಯಾಲಾತು.

ನನ್ನ ಸೊಸಿ ಪರದೇಶದಾಕಿ. ಅವರ ದೇಶದ ಕಾಲೇಜಿನ ಹುಡುಗಿ ಇಲ್ಲಿಗೆ, ನಮ್ಮ ಕಡೆ ಹುಡುಗಿ ಅಲ್ಲಿಗೆ, ಹಂಗ ಒಂದು ವರ್ಷಕ್ಕ ಅದಲಾಬದಲಿ ಮಾಡಿದ್ರು. ಇಕಿ ಕುರಿ ಉಣ್ಣೆ ತಗಿಯೂದು, ಕಂಬಳಿ ನೇಯೂದು ಕಲಿಯಾಕ ನಮ್ಮೂರು ಮುಚ್ಚಂಡಿಗೆ ಬಂದ್ಲು. ನಮ್ಮ ಕಡೆ ಹುಡುಗಿ ಹೇಳಿದ ದಿನಕ್ಕ ತಿರುಗಿ ಬಂದ್ಲು. ಇಕಿ ನನ್ನ ಮಗನ್ನ ಲಗ್ನ ಆಗಿ ಕುಂತ್ಲು. ಕುರಿ ತೋರಸು ಅಂತ ಅವನ್ನ ಆಕಿ ಜೋಡಿ ಕಳಿಸಿದಾಕಿ ನಾನ. ಬೈಯೂದು ಯಾರಿಗೆ?

ಕಲಿಯಾಕ ಬಂದವರ ವೀಸಾ ಹೆಂಡ್ತಿ ಆದಮ್ಯಾಲ ನಡ್ಯಾಂಗಿಲ್ಲಂತ. ಅದನ್ನ ಬದಲಿ ಮಾಡಸಬೇಕು, ಇಲ್ಲಂದ್ರ ಹನ್ನೆರಡು ದಿನದಾಗ ಆಕಿ ವಿಮಾನ ಹತ್ತಬೇಕು. ಲಗ್ನ ಖರೇನೋ ನಾಟಕನೋ ನೋಡಾಕ ಸಾಂಗ್ಲಿಯಿಂದ ಒಬ್ಬ ಸಾಹೇಬ ಬಂದ. ನನ್ನ ಗಂಡ, ಮಗ ಇಬ್ಬರೂ ಕುರಿ ಹಿಂದ ಹೋಗಿದ್ರು. ನಾನು ರೊಟ್ಟಿ ಬಡಿಯೂದು ಬಿಟ್ಟು ಎದ್ದೆ.

"ಗಂಡನ ಹೆಸರೇನವಾ?" ಅಂತ ಸೊಸಿಗೆ ಕೇಳಿದ.

ಆಕಿ ಸೆರಗು ತಲಿ ಮ್ಯಾಲ ಎಳಕೊಂಡ್ಲು, ಬಾಯಿ ಬಿಡಲಿಲ್ಲ. ಮತ್ತ ಕೇಳಿದ. ನೆಲಾ ನೋಡಿದ್ಲು.

"ಗಂಡನ ಹೆಸರ ಗೊತ್ತಿಲ್ಲಂದ್ರ ಇದೆಂಥಾ ಲಗ್ನರಿ ಮಾವಶಿ? ಖೊಟ್ಟಿ ಅಂತ ಬರೀತೀನಿ," ಅಂತ ನನಗ ಅಂದ.

ತಪ್ಪು ನಂದ. ಗಂಡನ ಹೆಸರ ಬಾಯಿಲೆ ಅಂದ್ರ ಅವನ ಆಯುಷ್ಯ ಕಡಿಮಿ ಆಕ್ಕೈತಿ ಅಂತ ಕಲಿಸಿದಾಕಿ ನಾನ. ನಮ್ಮ ಹುಡುಗ್ಯಾರು ಇದನ್ನ ಕೇಳಿ ನಕ್ಕೋತ ಹೊಕ್ಕಾರ. ಇಕಿ ವಹಿಯಾಗ ಬರಕೊಂಡಿದ್ಲು.

"ಈಗ ಒಂದ ಸಲ ಹೇಳ ನಮ್ಮವ್ವಾ," ಅಂದೆ.

"ಮಾವ್ನೋರ ಹೆಸರ ನೀವು ಎಂದರ ಹೇಳೀರೇನ ಅತ್ತಿ?"

"ಒಡಪ ಹಾಕಿ ಹೇಳ!" ಪ್ರಾಸ ಕಟ್ಟಿ ಅದರಾಗ ಹೆಸರ ಸೇರಿಸಿದ್ರ ದೋಷ ಇಲ್ಲ. ಆಕಿ ಜಂತಿ ನೋಡಿದ್ಲು, ಒಲಿ ನೋಡಿದ್ಲು, ಆಮ್ಯಾಲ ಸಾಲಿ ಹುಡುಗಿ ಹಂಗ ನೆಟ್ಟಗ ನಿಂತು ಅಂದ್ಲು:

"ಒಲಿ ಮ್ಯಾಗಿನ ರೊಟ್ಟಿ ಹೋತ ಸುಟ್ಟ,
ಸಾಹೇಬ್ರಿಗೆ ಬಂತ ಸಿಟ್ಟ,
ಗಂಡನ ಹೆಸರ ಹೇಳತೀನಿ ನಾಚಿಕಿ ಬಿಟ್ಟ..."

ಹೇಳೇ ಬಿಟ್ಲು. ರೊಟ್ಟಿ ಖರೇನ ಸುಟ್ಟು ಕರ್ರಗಾಗಿತ್ತು.

ಸಾಹೇಬ ನಕ್ಕೋತ ಬರಕೊಂಡ. ಆಮ್ಯಾಲ ನನ್ನ ಕಡೆ ತಿರುಗಿದ. "ಅತ್ತಿ ಹೇಳಿಕಿನೂ ಬೇಕು. ನಿಮ್ಮ ಪೂರ್ತಿ ಹೆಸರ ಹೇಳ್ರಿ."

ನಮ್ಮ ಕಡೆ ಹೆಂಗಸಿನ ಪೂರ್ತಿ ಹೆಸರಂದ್ರ ನಡುವ ಗಂಡನ ಹೆಸರ ಬರಬೇಕು. ನಾನು ಮೊದಲಿಂದು ಹೇಳಿದೆ, ಕಡೀದು ಹೇಳಿದೆ, ಸುಮ್ಮಾದೆ.

"ನಡುವಿಂದು?"

"ರೇಶನ್ ಕಾರ್ಡಿನಾಗ ಐತಿ, ನೋಡಕೋರಿ."

"ನೋಡೀನ್ರಿ. ನಿಮ್ಮ ಬಾಯಿಲೆ ಬರಬೇಕು. ಒಡಪ ಹಾಕ್ರಿ."

"ನನಗ ಕಟ್ಟಾಕ ಬರಾಂಗಿಲ್ಲ."

"ನಂದ ತಗೋರಿ ಅತ್ತಿ," ಅಂದ್ಲು ಸೊಸಿ. ಮೊನ್ನೆ ಬಂದಾಕಿ ಕಡಿಂದ ಒಡಪ ಇಸಕೋಬೇಕೇನು? ಒಲ್ಲೆ ಅಂದೆ.

"ಹಂಗಾರ ನಿಮ್ಮ ಲಗ್ನಾನೂ ಖೊಟ್ಟಿ ಅಂತ ಬರೀಲೇನು?"

"ಬರಿಯಪಾ. ಖೊಟ್ಟಿ ಲಗ್ನಕ್ಕ ಐದು ಮಕ್ಕಳಾಗ್ಯಾವ, ಅವನ್ನೂ ಬರಿ!"

ಅವಗ ಖರೇನ ಸಿಟ್ಟು ಬಂತು. "ನಾಳೆ ಮಧ್ಯಾಹ್ನದೊಳಗ ಜತ್ತಿನ ತಾಲೂಕ ಕಚೇರಿಗೆ ಬಂದು ಹೇಳ್ರಿ. ಇಲ್ಲಂದ್ರ ಸೊಸಿ ಕಾಗದ ಮುಂದ ಹೋಗಾಂಗಿಲ್ಲ," ಅಂದು ಜೀಪ ಹತ್ತಿದ. ಸೊಸಿ ಮಾರಿ ಸಣ್ಣದಾತು. ಸುಟ್ಟ ರೊಟ್ಟಿ ತಗದಿಟ್ಟು ನನ್ನ ಬದಲಿ ತಾನ ಬಡಿಯಾಕ ಕುಂತ್ಲು, ಅದ ನನಗ ಚುಚ್ಚಿತು.

ಮರುದಿನ ಮುಂಜಾನೆ ನಾನು ನನ್ನ ಗಂಡಗ ತೊಳದ ಧೋತರ ಉಡಿಸಿ, ಮೊದಲನೇ ಬಸ್ಸಿಗೆ ಜತ್ತಿಗೆ ಎಳಕೊಂಡು ಹೋಗಿ, ಸಾಹೇಬನ ಮೇಜಿನ ಮುಂದ ನಿಂದ್ರಿಸಿ, "ನಡುವಿಂದು ಇಲ್ಲೈತಿ ನೋಡ್ರಿ, ಬರಕೋರಿ" ಅಂದೆ.