ಮ್ಯಾಲ ನೋಡ್ರಿ, ಅತ್ತಿ

ದೊಡ್ಡವ್ವ ನಕ್ಕರೆ ಅವಳ ಬಲಗೆನ್ನೆ ಮಾತ್ರ ನಗುತ್ತಿತ್ತು. ಎಡಗಡೆ ಕಿವಿಯ ಬುಡದಿಂದ ದವಡೆಯವರೆಗೆ ಚರ್ಮ ಬಿಗಿದು ಮಿರಿಮಿರಿ ಹೊಳೆಯುತ್ತಿತ್ತು. ಅದರ ತುಂಬ ಕಟಕ ರೊಟ್ಟಿಯ ಮೇಲೆ ಎದ್ದ ಕಂದು ಚುಕ್ಕೆಗಳಂಥ ಕಲೆಗಳು. ಹೊರಗೆ ಹೊರಟರೆ ಸೆರಗನ್ನು ಆ ಕೆನ್ನೆಯ ಮೇಲೆ ಎಳೆದು ಕಿವಿಯ ಹಿಂದೆ ಸಿಕ್ಕಿಸುತ್ತಿದ್ದಳು. ಆದರೆ ಯಾರಾದರೂ ಅದನ್ನು ಕದ್ದು ನೋಡಿದ್ದು ಗೊತ್ತಾಯಿತೋ, ಸೆರಗು ತೆಗೆದು ಅವರತ್ತ ಪೂರ್ತಿ ತಿರುಗಿ ನಿಲ್ಲುತ್ತಿದ್ದಳು. "ನೋಡ್ರಿ, ಚೆನ್ನಾಗಿ ನೋಡ್ರಿ. ನೋಡಾಕ ರೊಕ್ಕ ಇಸಗೊಳ್ಳಲ್ಲ ನಾನು."

ಅವಳು ನನ್ನ ಅವ್ವನ ಅಕ್ಕ. ಕೊಟ್ಟೂರಿನಲ್ಲಿ ಅವಳ ಗಂಡನ ಮನೆಯವರದು ಮಂಡಕ್ಕಿ ಭಟ್ಟಿ. ದೊಡ್ಡಪ್ಪ ತೀರಿಕೊಂಡ ಮೇಲೆ ಅದನ್ನು ಅವಳೇ ನಡೆಸಿದಳು. ಮಕ್ಕಳಿರಲಿಲ್ಲ. ನಾನು ಡಿಗ್ರಿ ಓದಲು ಕೊಟ್ಟೂರಿಗೆ ಬಂದವಳು ಅವಳ ಮನೆಯಲ್ಲೇ ಉಳಿದೆ. ಓದು ಮುಗಿದು ಅಲ್ಲಿಯೇ ಶಾಲೆಯೊಂದರಲ್ಲಿ ಕೆಲಸ ಸಿಕ್ಕ ಮೇಲೂ ಉಳಿದೆ. ನನ್ನನ್ನು ನೋಡಿದವರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: "ಮದಿವಿಗಿಂತ ಮುಂಚಿ ನಿಮ್ಮ ದೊಡ್ಡವ್ವ ಥೇಟ್ ಹಿಂಗ ಇದ್ಲು." ಆ ಮಾತು ಬಂದಾಗ ದೊಡ್ಡವ್ವ ಎದ್ದು ಒಳಗೆ ಹೋಗುತ್ತಿದ್ದಳು.

ಭಟ್ಟಿಯ ಮುಂದೆ ಅವಳು ಕೂತರೆ ನೋಡಬೇಕು. ದೊಡ್ಡ ಬಾಣಲೆಯಲ್ಲಿ ಉಸುಕು ಕಾದು ಕಾದು, ಅದರ ಮೇಲಿನ ಗಾಳಿಯೇ ನಡುಗುತ್ತಿರುತ್ತದೆ. ಅಕ್ಕಿ ಸುರಿದರೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಬಾಣಲೆ ತುಂಬ ಬಿಳಿ. ಜರಡಿಗೆ ಹಾಕಿ ಅಲುಗಿಸಿದರೆ ಉಸುಕು ಕೆಳಗೆ, ಮಂಡಕ್ಕಿ ಮೇಲೆ. ಉಸುಕಿನ ಸೌಟು ಎತ್ತುವಾಗ ಮಾತ್ರ ಅವಳು ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. "ದೂರ ಸರಿ" ಎಂದು ನನ್ನ ಮೇಲೂ ಚೀರುತ್ತಿದ್ದಳು.

ಸಿಟ್ಟನ್ನು ಉಪ್ಪಿನಕಾಯಿಯಂತೆ ಕಾಪಿಟ್ಟುಕೊಳ್ಳುವ ಹೆಂಗಸು. ಬಜಾರಿನ ಕಿರಾಣಿ ವ್ಯಾಪಾರಿಯೊಬ್ಬ ಯಾವಾಗಲೋ ಯಾರ ಹತ್ತಿರವೋ ಅವಳನ್ನು "ಆ ಸುಟ್ಟ ಮಾರಿಯಾಕಿ" ಎಂದಿದ್ದನಂತೆ. ಆತನಿಗೆ ಒಂದು ಮಾತೂ ಅನ್ನಲಿಲ್ಲ. ವರ್ಷಗಳು ಕಳೆದು ಆತನ ಮಗಳ ಮದುವೆ ಬಂದಾಗ, ಕೇಳಿದ್ದಕ್ಕಿಂತ ಹೆಚ್ಚು ಮಂಡಕ್ಕಿ, ಅದರಲ್ಲೂ ಆ ದಿನ ಹುರಿದದ್ದು, ಮದುವೆ ಮನೆಗೆ ಕಳಿಸಿದಳು. ಆಮೇಲೆ ಇಳಕಲ್ ಸೀರೆ ಉಟ್ಟು, ಸೆರಗು ತೆಗೆದು, ಬೀಗರ ಸಾಲಿನಲ್ಲೇ ಹೋಗಿ ನಿಂತಳು. "ಅಣ್ಣಾರ, ಸುಟ್ಟ ಮಾರಿ ಬಂದೈತಿ. ಕುಂದ್ರಾಕ ಒಂದೀಟು ಜಾಗ ಮಾಡ್ರಿ." ಊಟ ಬಡಿಸುತ್ತಿದ್ದವರ ಕೈ ನಿಂತಿತು. ಆ ಮನುಷ್ಯ ಅವತ್ತು ಅವಳ ಎಲೆಗೆ ತಾನೇ ಹೋಳಿಗೆ ಬಡಿಸಿದ. ಅವಳು ಎರಡನೆಯ ಸಲವೂ ಹಾಕಿಸಿಕೊಂಡಳು.

ಆದರೆ ಅವಳ ದೊಡ್ಡ ಸಿಟ್ಟು ಮನೆಯ ಒಳಗೇ ಇತ್ತು. ಪಡಸಾಲೆಯ ಮಂಚದ ಮೇಲೆ ಕೂತು ಎಲ್ಲರನ್ನೂ ಆಳುತ್ತಿದ್ದ ಅವಳ ಅತ್ತೆ. ನಾನು ಅಜ್ಜಿ ಎನ್ನುತ್ತಿದ್ದೆ.

ನಡೆದದ್ದನ್ನು ದೊಡ್ಡವ್ವ ನನಗೆ ಒಂದೇ ಸಲ ಹೇಳಿದ್ದು. ಮದುವೆಯಾದ ಹೊಸತು. ನನ್ನ ಅವ್ವ, ಆಗಿನ್ನೂ ಲಂಗ ಉಡುವ ಹುಡುಗಿ, ಅಕ್ಕನನ್ನು ನೋಡಲು ಬಂದಿದ್ದಳು. ಅವಳ ಮಡಿಲಿಗೆ ದೊಡ್ಡವ್ವ ಬಿಸಿ ಮಂಡಕ್ಕಿ ತುಂಬಿಸಿ ಕಳಿಸಿದಳು. ಅದನ್ನು ಕಂಡ ಅಜ್ಜಿ, "ತವರಿಗೆ ಸಾಗಸ್ತೀಯೇನ?" ಎಂದವಳೇ ಸೌಟಿನಲ್ಲಿದ್ದ ಕಾದ ಉಸುಕನ್ನು ಸೊಸೆಯ ಮೇಲೆ ಉಗ್ಗಿದಳು. ಓಣಿಯವರು ಓಡಿ ಬಂದಾಗ ಅಜ್ಜಿಯೇ ಎದೆ ಬಡಿದುಕೊಂಡು ಅಳುತ್ತಿದ್ದಳಂತೆ: "ಬಿದ್ಲ್ರವ್ವ, ಕೆಲಸ ಗೊತ್ತಿಲ್ಲ, ಭಟ್ಟಿ ಮುಂದ ಜಾರಿ ಬಿದ್ಲು." ದೊಡ್ಡಪ್ಪನೂ ಹಾಗೆಯೇ ಹೇಳಿದ. ತವರಿನವರೂ ಹಾಗೆಯೇ ನಂಬಿದಂತೆ ಮಾಡಿದರು. ಊರಿಗೆ ಊರೇ ಅವಳನ್ನು ಭಟ್ಟಿ ಮುಂದೆ ಜಾರಿ ಬಿದ್ದವಳನ್ನಾಗಿ ಮಾಡಿತು. "ಸುಟ್ಟಿದ್ದು ಆರಿ ಹೋತು ಬಿಡು. 'ಬಿದ್ಲು' ಅಂದದ್ದು ಐತಲ್ಲ, ಅದಿನ್ನೂ ಆರಿಲ್ಲ ನೋಡು" ಎಂದಿದ್ದಳು ದೊಡ್ಡವ್ವ.

ಎಂಬತ್ತರ ಹತ್ತಿರ ಬಂದಾಗ ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂತು. ಗೋಡೆ ಹಿಡಿದು ಬಚ್ಚಲಿಗೆ ಹೋಗುವಳು. ಬಾಯಿ ಮಾತ್ರ ಹಾಗೆಯೇ ಇತ್ತು. ಒಂದು ದಿನ ಊಟದ ತಟ್ಟೆ ಇಟ್ಟ ಸೊಸೆಗೆ ಹೇಳಿದಳು: "ನಿನ್ನ ಮಾರಿ ನೋಡೂದು ತಪ್ಪಿತಲ್ಲ, ಕಣ್ಣು ಹೋಗಿದ್ದೂ ಚಲೋನ ಆತು."

ದೊಡ್ಡವ್ವ ತಟ್ಟೆಯನ್ನು ಇನ್ನಷ್ಟು ಹತ್ತಿರ ಸರಿಸಿದಳು. "ಹೌದ್ರಿ ಅತ್ತಿ? ಹಂಗಾರ ದವಾಖಾನಿಗೆ ಹೋಗೂನು ತಡೀರಿ."

ಅದೇ ವಾರ ಹರಪನಹಳ್ಳಿಯಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಿದ ಸಿಸ್ಟರ್, "ಅಜ್ಜಿ, ಎದುರಿಗೆ ಯಾರದಾರ ಹೇಳ್ರಿ ನೋಡೂನು" ಎಂದು ಕೇಳಿದಳು. ಎದುರಿಗೆ ದೊಡ್ಡವ್ವ ನಿಂತಿದ್ದಳು. ಸೆರಗು ಹೆಗಲ ಮೇಲಿತ್ತು. ಅಜ್ಜಿ ನೋಡಿದಳು, ಕಣ್ಣು ಬೇರೆ ಕಡೆ ತಿರುಗಿಸಿದಳು. ದೊಡ್ಡವ್ವ ಎರಡು ಹೆಜ್ಜೆ ಸರಿದು ಮತ್ತೆ ಎದುರಿಗೆ ಬಂದಳು.

"ಅಯ್ಯ, ಇದೇನ್ರಿ ಅಕ್ಕಾರ, ಸುಟ್ಟಿದ್ದೇನು?" ಎಂದಳು ಸಿಸ್ಟರ್.

ಉತ್ತರ ಕೊಟ್ಟದ್ದು ಅಜ್ಜಿ. "ಬಿದ್ಲವ್ವ. ಭಟ್ಟಿ ಮುಂದ ಬಿದ್ಲು."

ಬಸ್ಸಿನಲ್ಲಿ ದೊಡ್ಡವ್ವ ನನ್ನ ಕಿವಿಯಲ್ಲಿ ಹೇಳಿದಳು: "ಕಣ್ಣು ಬಂತು. ಬಾಯಿಗೆ ಇನ್ನೂ ಪೊರಿ ಐತಿ."

ಕೊಟ್ಟ ಔಷಧದಲ್ಲಿ ಮುಖ್ಯವಾದದ್ದು ಕಣ್ಣಿನ ಒಳಗಿನ ಬಾವು ಇಳಿಸುವ ಹನಿ. ಸಿಸ್ಟರ್ ನಮಗೆ ಮಾಡಿ ತೋರಿಸಿದ್ದಳು. ಕೈ ತೊಳೆಯಬೇಕು. ಬಾಟಲಿ ಅಲುಗಿಸಬೇಕು. ಅಜ್ಜಿಗೆ ಮೇಲೆ ನೋಡಲು ಹೇಳಿ, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಂದು ಹನಿ ಬಿಡಬೇಕು. ಬಾಟಲಿಯ ತುದಿ ಕಣ್ಣಿಗೆ ತಾಕಬಾರದು. ಆಮೇಲೆ ಕಣ್ಣು ಮುಚ್ಚಿಸಿ, ಮೂಗಿನ ಕಡೆಯ ಮೂಲೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು. ವಾರ ವಾರಕ್ಕೆ ಹನಿ ಕಡಿಮೆ ಮಾಡುತ್ತ ಹೋಗಬೇಕು, ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬಾರದು; ಕಣ್ಣು ಕೆಂಪಾದರೆ, ನೋವು ಬಂದರೆ, ಮಬ್ಬಾದರೆ ತಡಮಾಡದೆ ಬನ್ನಿ ಎಂದು ಡಾಕ್ಟರರು ಎರಡೆರಡು ಸಲ ಹೇಳಿದ್ದರು.

ದೊಡ್ಡವ್ವನಿಗೆ ಅದರಲ್ಲಿ ಹಿಡಿಸಿದ್ದು "ಮೇಲೆ ನೋಡಿ" ಎಂಬುದು. ಮಲಗಿದವಳು ಮೇಲೆ ನೋಡಿದರೆ ಏನು ಕಾಣುತ್ತದೆ? ಬಗ್ಗಿ ನಿಂತವಳ ಮುಖ. ಅವಳು ಮಂಚದ ಬಲಕ್ಕೆ ನಿಂತು, ಎಡಗೆನ್ನೆ ಕೆಳಗೆ ಬರುವಂತೆ ಬಗ್ಗುತ್ತಿದ್ದಳು. "ಮ್ಯಾಲ ನೋಡ್ರಿ, ಅತ್ತಿ." ಹನಿ ಬಿಡಲು ಅವಸರವಿಲ್ಲ. ಬಾಟಲಿಯನ್ನು ಮತ್ತೊಮ್ಮೆ ಅಲುಗಿಸುವಳು. ಅಜ್ಜಿಯ ಕಣ್ಣು ಆ ಕೆನ್ನೆಯ ಮೇಲೆ ಓಡಾಡುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ.

ಕೆಲವು ದಿನ ಕಳೆದ ಮೇಲೆ ಅಜ್ಜಿ, "ನನ್ನ ಕೈಯಾಗ ಕೊಡ್ರಿ, ನಾನ ಹಾಕ್ಕೊಂತೀನಿ" ಎಂದು ಹಟ ಹಿಡಿದಳು. ಭಟ್ಟಿಯ ಕೆಲಸ ಏರಿತ್ತು, ದೊಡ್ಡವ್ವ ಕೊಟ್ಟಳು.

ಆ ಭಾನುವಾರ ಮಧ್ಯಾಹ್ನ ನನ್ನನ್ನು ಈಗಲೂ ಬಿಟ್ಟಿಲ್ಲ. ಪಾಠ ಮಾಡುತ್ತ ನಿಂತಿರುವಾಗಲೂ ಒಮ್ಮೊಮ್ಮೆ ಬಂದು ಎದುರಿಗೆ ನಿಲ್ಲುತ್ತದೆ.

ಅಜ್ಜಿ ಗೋಡೆಯ ಕಡೆ ಹೊರಳಿ, ಮುಖದ ಮೇಲೆ ಸೆರಗು ಎಳೆದುಕೊಂಡು ಮಲಗಿದ್ದಳು. ಮೆಲ್ಲಗೆ ನರಳುತ್ತಿದ್ದಳು. ಸೆರಗು ಸರಿಸಿದರೆ ಆಪರೇಷನ್ ಆದ ಕಣ್ಣು ಕೆಂಪಗೆ, ನೀರು ಸುರಿಯುತ್ತಿದೆ. ಬೆಳಕು ಬಿದ್ದ ಕೂಡಲೇ ಚೀರಿದಳು. "ಮಬ್ಬಾಗೈತಿ, ಏನೂ ಕಾಣ್ವಲ್ದು." ನಾನು ಭಟ್ಟಿಗೆ ಓಡಿ ದೊಡ್ಡವ್ವನನ್ನು ಕರೆದುಕೊಂಡು ಬಂದೆ. ಅವಳು ಕೈ ತೊಳೆದು ಬಂದು ಕಣ್ಣು ನೋಡಿದಳು. ದಿಂಬಿನ ಕೆಳಗಿದ್ದ ಬಾಟಲಿ ತೆಗೆದು ಬೆಳಕಿಗೆ ಹಿಡಿದಳು. ತಾನು ಕೊಟ್ಟಾಗ ಎಷ್ಟಿತ್ತೋ ಅಷ್ಟೇ ಇತ್ತು.

"ಒಂದು ಹನಿನೂ ಹಾಕ್ಕೊಂಡಿಲ್ಲ ಈಕಿ."

"ಆಟೋ ಕರೀತೀನಿ ದೊಡ್ಡವ್ವ" ಎಂದೆ.

"ಕುಂದ್ರು."

ಅವಳು ಬಾಗಿಲಿಗೆ ಅಡ್ಡಲಾಗಿ ಹೊಸ್ತಿಲ ಮೇಲೆ ಕೂತಳು. ಸೊಂಟದ ಎಲೆಸಂಚಿ ಬಿಚ್ಚಿದಳು. ಒಂದು ಎಲೆ ತೆಗೆದು ತೊಡೆಗೆ ಒರೆಸಿ, ತೊಟ್ಟು ಮುರಿದು, ಸುಣ್ಣ ಹಚ್ಚಿದಳು. ಮಂಚದ ಮೇಲೆ ನರಳುವುದು ಜೋರಾಯಿತು.

"ದೊಡ್ಡವ್ವ, ಕಣ್ಣು ಹೋಗ್ತೈತಿ!"

"ಹೋಗ್ಲಿ. ನಾನೇನು ಕಿತ್ತೀನೇನು? ತಾನ ಕಳಕೊಂಡಾಳ." ಅಡಿಕೆ ಬಾಯಿಗೆ ಹಾಕಿಕೊಂಡು ಮಂಚದ ಕಡೆ ತಿರುಗಿದಳು. ಅಷ್ಟು ವರ್ಷ ಬಿಡದೆ ಇಟ್ಟುಕೊಂಡಿದ್ದ ಗೌರವ ಆ ಹೊತ್ತು ಅವಳ ಬಾಯಿಂದ ಹೋಗಿತ್ತು. "ಏಯ್ ಮುದುಕಿ, ಕೇಳು. ನಾ ಬಿದ್ದೆನೋ, ನೀ ಉಗ್ಗಿದ್ಯೋ? ಒಂದು ಮಾತು ಹೇಳು. ಈಗಿಂದೀಗ ಆಟೋ ಬರ್ತೈತಿ."

ಅಜ್ಜಿ ಹಲ್ಲು ಕಚ್ಚಿದಳು. "ಬಿದ್ದಿ."

"ಇನ್ನೊಮ್ಮೆ ಯೋಚ್ನಿ ಮಾಡು. ನನಗೇನು ಅವಸರ ಇಲ್ಲ."

ನಾನು ಫೋನು ಹಿಡಿದು ನಿಂತಿದ್ದೆ. ಆಟೋಕ್ಕೆ ಕರೆ ಮಾಡಲಿಲ್ಲ. ಹೋಗುತ್ತಿದ್ದದ್ದು ಅಜ್ಜಿಯ ಕಣ್ಣು. ನನಗೆ ಭಯವಾದದ್ದು ದೊಡ್ಡವ್ವನ ಶಾಂತಿಗೆ. ಅಷ್ಟು ನೆಮ್ಮದಿಯಾಗಿ ಅವಳು ಎಲೆ ಜಗಿದದ್ದನ್ನು ನಾನು ಮೊದಲು ನೋಡಿರಲಿಲ್ಲ. ಇನ್ನೂ ಹೇಳಬೇಕಾದ ಮಾತೊಂದಿದೆ: ನನ್ನೊಳಗೂ ಯಾರೋ ಕೂತು, ಅಜ್ಜಿ ಹೇಳಲಿ, ಹೇಳಿಬಿಡಲಿ ಎಂದು ಕಾಯುತ್ತಿದ್ದರು.

"ಬಿದ್ದಿ!" ಅಜ್ಜಿ ಕೂಗಿದಳು. "ಕಣ್ಣು ಹೋದ್ರ ಹೋಗ್ಲಿ. ಸಾಯೋತನಕ ಬಿದ್ದಿ ಅಂತೀನಿ. ಮ್ಯಾಲ ನೋಡಿದ್ರ ನಿನ್ನ ಮಾರಿ, ಕೆಳಗ ನೋಡಿದ್ರ ನಿನ್ನ ಮಾರಿ. ಕುರುಡಿ ಆಗಿ ಬಿದ್ದಿರ್ತೀನಿ, ಬಿಡು!"

ದೊಡ್ಡವ್ವ ಜಗಿಯುವುದನ್ನು ನಿಲ್ಲಿಸಿದಳು. ಆಮೇಲೆ ಅವಳ ಬಲಗೆನ್ನೆ ನಿಧಾನವಾಗಿ ಅರಳಿತು. ಎದ್ದು ಸಂಚಿ ಕಟ್ಟಿದಳು.

"ಕೇಳಿದ್ಯೇನ ಮಗಳ? ಕುರುಡಿ ಆಗೋದು ಈಕಿಗೆ ರಜಾ ಸಿಕ್ಕಂಗ. ನಾ ಯಾಕ ಕೊಡ್ಲಿ ರಜಾ? ಕರಿ ಆಟೋ."

ಡಾಕ್ಟರರು ಬೈದರು; ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು. ಒಳಗೆ ಬಾವು ಏರಿತ್ತು. ಗಂಟೆಗೊಮ್ಮೆ ಹನಿ ಬಿಡಬೇಕೆಂದರು. ದೊಡ್ಡವ್ವ ಭಟ್ಟಿಯನ್ನು ಕೆಲಸದವರ ಕೈಗೆ ಬಿಟ್ಟು ಮಂಚದ ಪಕ್ಕದಲ್ಲಿ ಕೂತುಬಿಟ್ಟಳು. ಗಂಟೆಗೊಮ್ಮೆ ಕೈ ತೊಳೆಯುವುದು, ಬಾಟಲಿ ಅಲುಗಿಸುವುದು, ಬಗ್ಗುವುದು. ಗೌರವವೂ ವಾಪಸು ಬಂದಿತ್ತು. "ಮ್ಯಾಲ ನೋಡ್ರಿ, ಅತ್ತಿ." ಕಣ್ಣು ಉಳಿಯಿತು. ಕೆಂಪು ಇಳಿದು ತಿಳಿಯಾಯಿತು; ಅಕ್ಕಿಯೊಳಗಿನ ಕಲ್ಲು ಹೆಕ್ಕುವಷ್ಟು ಚೆನ್ನಾಗಿ ಕಾಣತೊಡಗಿತು.

ನೋಡಲು ಬಂದ ಓಣಿಯ ಹೆಂಗಸರು, "ಹೆತ್ತ ಮಗಳೂ ಹಿಂಗ ಮಾಡಂಗಿಲ್ಲ ತಗಿರಿ" ಎಂದು ಹೊಗಳಿದರು.

"ಅತ್ತಿ ಕೊಟ್ಟಿದ್ದು ಭಾಳ ಐತ್ರವ್ವ" ಎಂದಳು ದೊಡ್ಡವ್ವ. "ನಾ ಕೊಡ್ತಿರೋದು ಹನಿ ಹನಿ ಅಷ್ಟ."



ಮರುವರ್ಷ ಬೇಸಿಗೆಯಲ್ಲಿ ದೊಡ್ಡವ್ವ ಭಟ್ಟಿಯ ಮುಂದೆ ಜರಡಿ ಹಿಡಿದು ಕೂತಿದ್ದವಳು ಹಾಗೆಯೇ ಪಕ್ಕಕ್ಕೆ ವಾಲಿದಳು. ಹೃದಯ ನಿಂತಿತ್ತು. ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕಿದರು. ಯಾರೋ ಹೆಂಗಸು ಸೆರಗನ್ನು ಎಡಗೆನ್ನೆಯ ಮೇಲೆ ಎಳೆದಳು. ನಾನು ಹೋಗಿ ತೆಗೆದೆ. ಅವಳು ಮತ್ತೆ ಎಳೆದಳು. ನಾನು ಮತ್ತೆ ತೆಗೆದೆ. ಎದುರಿನ ಮಂಚದಿಂದ ಅಜ್ಜಿ ನೋಡುತ್ತಿದ್ದಳು. ಸಂಜೆ ದೊಡ್ಡವ್ವನನ್ನು ಎತ್ತುವವರೆಗೂ ನೋಡುತ್ತಲೇ ಇದ್ದಳು.

ಸಾಯುವ ಕೆಲವು ದಿನ ಮೊದಲು ದೊಡ್ಡವ್ವ ನನಗೆ ಹೇಳಿದ್ದಳು: "ಈಕಿದು ಇನ್ನೊಂದು ಕಣ್ಣೈತಿ. ಮರೀಬ್ಯಾಡ." ಅದು ಉಪಕಾರದ ಮಾತಲ್ಲವೆಂದು ನನಗೆ ಗೊತ್ತಿತ್ತು. ನನ್ನ ಅವ್ವನ ಮಡಿಲಿಗೆ ಬಿದ್ದ ಮಂಡಕ್ಕಿಗಾಗಿ ಅವಳು ಕೆನ್ನೆ ಕೊಟ್ಟಿದ್ದಳು. ನಾನು ಆ ಅವ್ವನ ಮಗಳು. ಅಜ್ಜಿಯನ್ನು ಹರಪನಹಳ್ಳಿಗೆ ಕರೆದುಕೊಂಡು ಹೋಗಿ ಎರಡನೆಯ ಕಣ್ಣಿನ ಆಪರೇಷನ್ನೂ ಮಾಡಿಸಿದೆ.

ಮನೆಗೆ ಬಂದ ದಿನ ನಾನು ಕೈ ತೊಳೆದು, ಬಾಟಲಿ ಅಲುಗಿಸಿ, ದೊಡ್ಡವ್ವ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ಬಗ್ಗಿದೆ.

"ಮ್ಯಾಲ ನೋಡ್ರಿ, ಅಜ್ಜಿ."

ನೋಡಿದಳು. ಎರಡೂ ಕಣ್ಣು ನನ್ನ ಎಡಗೆನ್ನೆಯ ಮೇಲೆ ನಿಂತವು. ಹೊಸದಾಗಿ ತೆರೆದ ಕಣ್ಣು ಅಲ್ಲಿ ಏನನ್ನೋ ಹುಡುಕುವಂತೆ ಬಹಳ ಹೊತ್ತು ನೋಡಿತು.

"ಆಕಿ ಕೆನ್ನಿನೂ ಹಿಂಗ ಇತ್ತು" ಎಂದಳು.

ಹನಿ ಬಿಡದೆ ಕೇಳಿದೆ: "ಯಾವಾಗ್ರಿ?"

"ನಾ ಉಗ್ಗೋದಕ್ಕಿಂತ ಮುಂಚಿ."

ಆ ಮಾತು ಕೇಳಬೇಕಾಗಿದ್ದವಳು ಹೊಸ್ತಿಲ ಮೇಲೆ ಇರಲಿಲ್ಲ. ಓಣಿ ಖಾಲಿಯಿತ್ತು. ಭಟ್ಟಿಯ ಕಡೆಯಿಂದ ಜರಡಿ ಅಲುಗುವ ಸದ್ದು ಬರುತ್ತಿತ್ತು.

"ಇನ್ನ ಕಣ್ಣು ಮುಚ್ಲೇನವ್ವ?" ಎಂದು ಕೇಳಿದಳು.

"ಹನಿ ಇನ್ನೂ ಬಿದ್ದಿಲ್ರಿ" ಎಂದೆ. ಬಾಟಲಿಯನ್ನು ಮತ್ತೊಮ್ಮೆ ಅಲುಗಿಸಿದೆ. "ಮ್ಯಾಲ ನೋಡ್ರಿ."