ಕುರುಡು ಡಾಲ್ಫಿನ್, ಕಾಲು ಬೀಸುವ ಕಪ್ಪೆ

೧೯೬೧ರಲ್ಲಿ ನಾನು ಮೈಸೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕಿ. ದಸರಾ ರಜೆಯ ನಂತರ ಸಾರ್ವಜನಿಕರಿಗೆಂದು ಒಂದು ಪ್ರದರ್ಶನ ಏರ್ಪಟ್ಟಿತು. ಗಂಗಾನದಿಯ ಡಾಲ್ಫಿನ್ನಿನ ತಲೆಬುರುಡೆಯನ್ನೂ ನಮ್ಮ ಕಡೆಯ ತೊರೆಗಪ್ಪೆಯನ್ನೂ ಅಕ್ಕಪಕ್ಕ ಇಟ್ಟು, ಹರಿಯುವ ನೀರಿಗೆ ಅವು ಒಗ್ಗಿಕೊಂಡ ಬಗೆಯನ್ನು ಹೋಲಿಸಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಡಾಲ್ಫಿನ್ ಬಗ್ಗೆ ಪುಟಗಟ್ಟಲೆ ಬರೆದೆ. ಕೆಸರು ನೀರಿನಲ್ಲಿ ಕಣ್ಣಿಗೆ ಕೆಲಸವಿಲ್ಲ. ಅದರ ಕಣ್ಣಿಗೆ ಲೆನ್ಸ್ ಕೂಡ ಇಲ್ಲ. ಸದ್ದು ಹೊರಡಿಸಿ, ಮರುದನಿ ಕೇಳಿ ದಾರಿ ಕಂಡುಕೊಳ್ಳುತ್ತದೇನೋ ಎಂದು ವಿಜ್ಞಾನಿಗಳು ಊಹಿಸುತ್ತಿದ್ದ ಕಾಲ ಅದು. ಕಪ್ಪೆಯ ಬಗ್ಗೆ ಬರೆದದ್ದು ಒಂದೇ ಸಾಲು: ಬಂಡೆಗೆ ಅಂಟಿಕೊಳ್ಳುವ ಬೆರಳುಗಳಿವೆ.

ನಮ್ಮ ಲ್ಯಾಬಿನ ಅಟೆಂಡರ್ ಸಿದ್ದೇಗೌಡರು ಕೊಡಗಿನ ತೊರೆಗಳಿಂದ ಇಪ್ಪತ್ತು ವರ್ಷ ಕಪ್ಪೆ ಹಿಡಿದು ತಂದವರು. ನನ್ನಿಂದ ಬರಹ ಓದಿಸಿ ಕೇಳಿದರು.

“ಅಷ್ಟೇಯಾ ಅಮ್ಮಾವ್ರೆ? ಅದು ಕಾಲು ಬೀಸಿ ಮಾತಾಡ್ತದೆ ಕಣ್ರೀ. ಆ ನೀರಿನ ಭೋರಲ್ಲಿ ಬರೀ ಕೂಗಿದ್ರೆ ಕೇಳಕ್ಕಿಲ್ಲ.”

ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. ಅವರು ನಕ್ಕರು. “ಅಟೆಂಡರ್ ಹೇಳಿದ್ದನ್ನೆಲ್ಲ ಬರೆಯೋಕಾಗುತ್ತೇನಮ್ಮ?” ಬಾಗಿಲಲ್ಲೇ ಇದ್ದ ಗೌಡರಿಗೆ ಅದು ಕೇಳಿಸಿತು. ಆ ದಿನವೆಲ್ಲ ಅವರು ತೊಳೆದಿದ್ದ ಗಾಜಿನ ಜಾಡಿಗಳನ್ನೇ ಮತ್ತೆ ಮತ್ತೆ ತೊಳೆದರು. ನನಗೆ ತಡೆಯಲಾಗಲಿಲ್ಲ.

ಆ ಕಪ್ಪೆಯನ್ನು ಕಣ್ಣಾರೆ ನೋಡಲು ಭಾನುವಾರ ನಾನೂ ಗೌಡರೂ ಕೊಡಗಿನ ಮೊದಲ ಬಸ್ಸಿಗೇ ಹೊರಟೆವು. ಗೌಡರ ಹೆಂಡತಿಯೂ ಬುತ್ತಿ ಕಟ್ಟಿಕೊಂಡು ಜೊತೆಗೆ ಬಂದರು. ತೊರೆಯ ಒದ್ದೆ ಬಂಡೆಯ ಮೇಲೆ ಎರಡು ಗಂಟೆ ಕೂತರೂ ಏನೂ ಕಾಣಲಿಲ್ಲ. ಕಾಲು ಜೋಮು ಹಿಡಿದು ಏಳಬೇಕು ಅನ್ನುವಷ್ಟರಲ್ಲಿ ಗೌಡರು ಪಿಸುಗುಟ್ಟಿದರು: “ಅಲ್ನೋಡಿ.”

ಹೆಬ್ಬೆರಳಿನಷ್ಟು ಗಂಡುಕಪ್ಪೆ. ಇನ್ನೊಂದು ಗಂಡು ಪಕ್ಕದ ಕಲ್ಲಿಗೆ ಹಾರಿತು. ಮೊದಲನೆಯದರ ಗಂಟಲು ಉಬ್ಬಿತು, ದನಿ ನನಗೆ ಕೇಳಲಿಲ್ಲ. ಆಮೇಲೆ ಅದು ಹಿಂಗಾಲನ್ನು ಉದ್ದಕ್ಕೆ ಚಾಚಿ, ಬೆರಳ ನಡುವಿನ ಬಿಳಿ ಪೊರೆಯನ್ನು ಹರಡಿ ಬೀಸಿ, ಮಡಚಿಕೊಂಡಿತು. ಏಳು ಸಲ ಎಣಿಸಿದೆ. ಬಂದವನು ಜಾಗ ಬಿಟ್ಟು ಹೋದ. ಆರು ವರ್ಷ ಸತ್ತ ಕಪ್ಪೆಗಳನ್ನು ಕುಯ್ದು ಪಾಠ ಮಾಡಿದ್ದ ನಾನು ಬಾಯಿ ತೆರೆದು ಕೂತಿದ್ದೆ.

ಸೋಮವಾರ ಹೊಸ ಬರಹ ಕೊಟ್ಟೆ. ಕೊನೆಯಲ್ಲಿ ‘ಮೊದಲು ಗಮನಿಸಿದವರು: ಸಿದ್ದೇಗೌಡ’ ಎಂದಿತ್ತು. ಮುಖ್ಯಸ್ಥರ ಪೆನ್ನು ಆ ಸಾಲಿನ ಮೇಲೆ ನಿಂತಿತು.

“ಆ ಹೆಸರು ತೆಗೆದ್ರೆ ನನ್ನದನ್ನೂ ತೆಗೀರಿ ಸರ್,” ಎಂದೆ. ಅವರು ಆ ಸಾಲನ್ನು ಹಾಗೇ ಬಿಟ್ಟು ಕೆಳಗೆ ಸಹಿ ಹಾಕಿದರು.

ಪ್ರದರ್ಶನದ ದಿನ ಮೊದಲು ಬುರುಡೆಯನ್ನೂ ಆಮೇಲೆ ಕಪ್ಪೆಯನ್ನೂ ತೋರಿಸುತ್ತ ವಿವರಿಸಿದವರು ಗೌಡರೇ. “ಇದು ಕಣ್ಣು ಕಾಣ್ದಿರೋ ನೀರಲ್ಲಿ ಕಿವಿ ನಂಬ್ತು. ಅದು ಕಿವಿ ಕೇಳ್ದಿರೋ ನೀರಲ್ಲಿ ಕಾಲು ನಂಬ್ತು.” ಜನರ ನಡುವೆ ನಿಂತು ಮುಖ್ಯಸ್ಥರೂ ಕೇಳಿಸಿಕೊಂಡರು.

ನಿವೃತ್ತಿಯಾಗುವವರೆಗೂ ನಾನು ವಿದ್ಯಾರ್ಥಿಗಳ ಕೈಗೆ ಕತ್ತರಿ ಕೊಡುವ ಮೊದಲು, ಜೀವಂತ ಪ್ರಾಣಿಯ ಎದುರು ಒಂದು ಗಂಟೆ ಸುಮ್ಮನೆ ಕೂರಿಸುತ್ತಿದ್ದೆ. ಕಂಡದ್ದನ್ನು ಬರೆಯಿರಿ, ಮೊದಲು ಕಂಡವರು ಯಾರು ಎಂಬುದನ್ನೂ ಬರೆಯಿರಿ ಎನ್ನುತ್ತಿದ್ದೆ.